ಮಗನ ಬೇಸಿಗೆಯ ಸಂಬಳ ಸೇರಿದರೆ ವಿಮೆಯ ಟ್ಯಾಕ್ಸ್ ಕ್ರೆಡಿಟ್ ಹೋಗುತ್ತದೆಯೇ?

ತುಂಗೆಯ ದಂಡೆ, ಟೆಕ್ಸಾಸ್

ನಮಸ್ಕಾರ. ಮಾರ್ಕೆಟ್‌ಪ್ಲೇಸ್ (ಅಮೆರಿಕ ಸರ್ಕಾರದ ವಿಮಾ ಮಾರುಕಟ್ಟೆ) ಮೂಲಕ ಆರೋಗ್ಯ ವಿಮೆ ಇರುವವರು, ತೆರಿಗೆಯ ಲೆಕ್ಕ ಬಲ್ಲವರು ದಯವಿಟ್ಟು ಓದಿ. ಬರಹ ಸ್ವಲ್ಪ ಉದ್ದವಾಗಿದೆ. ಅಂಕಿಗಳನ್ನು ಕೊಡದೆ ಕೇಳಿದರೆ "ಸಿಪಿಎ ಹತ್ತಿರ ಹೋಗಿ" (ಲೆಕ್ಕಪರಿಶೋಧಕರನ್ನು ಕೇಳಿ) ಎಂಬ ಒಂದೇ ಉತ್ತರ ಬರುತ್ತದೆಂದು ಗೊತ್ತಿರುವುದರಿಂದ ಎಲ್ಲವನ್ನೂ ಬರೆಯುತ್ತಿದ್ದೇನೆ.

ಮನೆಯಲ್ಲಿ ನಾವು ನಾಲ್ವರು. ನಮ್ಮ ಯಜಮಾನರು ಕಂಪನಿಯ ಕೆಲಸ ಹೋದ ಮೇಲೆ ಸ್ವಂತವಾಗಿ ಕನ್ಸಲ್ಟಿಂಗ್ ಮಾಡುತ್ತಿದ್ದಾರೆ. ನಾನು ಮನೆಯಲ್ಲೇ ಸಂಗೀತ ಪಾಠ ಹೇಳುತ್ತೇನೆ. ಮಗನಿಗೆ 20 ವರ್ಷ, ಆಸ್ಟಿನ್‌ನಲ್ಲಿ ಓದುತ್ತಿದ್ದಾನೆ. ಮಗಳಿಗೆ 15. ಕಂಪನಿಯ ವಿಮೆ ಇಲ್ಲದ್ದರಿಂದ ನಾಲ್ವರಿಗೂ ಹೆಲ್ತ್‌ಕೇರ್ ಡಾಟ್ ಗೌ ಮೂಲಕವೇ ವಿಮೆ. ಖರ್ಚು ವೆಚ್ಚ ಎಲ್ಲ ಕಳೆದು 2026ಕ್ಕೆ ನಮ್ಮಿಬ್ಬರ ಆದಾಯ ಸುಮಾರು 1,12,000 ಡಾಲರ್ ಎಂದು ಅರ್ಜಿಯಲ್ಲಿ ತೋರಿಸಿದ್ದೇವೆ. ಕ್ರೆಡಿಟ್ ಲೆಕ್ಕಕ್ಕೆ ಹಿಡಿಯುವ ಸಿಲ್ವರ್ (ಮಧ್ಯಮ ದರ್ಜೆಯ) ಯೋಜನೆಯ ಕಂತು ತಿಂಗಳಿಗೆ 1,900 ಡಾಲರ್. ಅದರಲ್ಲಿ ಸುಮಾರು 970 ಡಾಲರ್ ಸರ್ಕಾರದ ನೆರವು, ಅಂದರೆ ಮುಂಗಡ ಟ್ಯಾಕ್ಸ್ ಕ್ರೆಡಿಟ್ಟಾಗಿ ನೇರವಾಗಿ ವಿಮಾ ಕಂಪನಿಗೆ ಹೋಗುತ್ತದೆ, ಉಳಿದದ್ದು ನಮ್ಮ ಕೈಯಿಂದ.

ಈಗ ವಿಷಯಕ್ಕೆ ಬರುತ್ತೇನೆ. ಮಗನಿಗೆ ಬೇಸಿಗೆಯ ಇಂಟರ್ನ್‌ಶಿಪ್ ಸಿಕ್ಕಿದೆ. ಗಂಟೆಗೆ 32 ಡಾಲರ್, ವಾರಕ್ಕೆ 40 ಗಂಟೆ, 12 ವಾರ. ಅಲ್ಲಿಗೆ 15,360. ಆಫರ್ ಪತ್ರದ ಕೊನೆಯ ಪುಟದಲ್ಲಿ ಇನ್ನೊಂದು ಸಾಲು ಇದೆ: ವಸತಿ ಭತ್ಯೆ 3,500 ಡಾಲರ್, ತೆರಿಗೆಗೆ ಒಳಪಟ್ಟಿದೆ. "ಅಮ್ಮ, ಬಾಡಿಗೆಯೂ ಅವರದೇ" ಎಂದು ಅವನು ಫೋನಿನಲ್ಲಿ ಕುಣಿಯುತ್ತಿದ್ದ. ನಾನು ಇತ್ತ ಕ್ಯಾಲ್ಕುಲೇಟರ್ ಹಿಡಿದುಕೊಂಡಿದ್ದೆ. ಒಟ್ಟು 18,860. ನಮ್ಮದಕ್ಕೆ ಕೂಡಿಸಿದರೆ 1,30,860. ಈ ಕ್ರೆಡಿಟ್ ಸಿಗಲು ನಾಲ್ವರ ಕುಟುಂಬಕ್ಕೆ ಈ ವರ್ಷದ ಆದಾಯ ಮಿತಿ 1,28,600 ಎನ್ನುತ್ತಾರೆ.

ವಿಮೆ ಮಾಡಿಸಿಕೊಟ್ಟ ಏಜೆಂಟರನ್ನು ಕೇಳಿದೆ. ಮನೆಯಲ್ಲಿ ಯಾರು ಒಂದು ಡಾಲರ್ ದುಡಿದರೂ ಸೇರಿಸಲೇಬೇಕು ಎಂದರು. ಯುಗಾದಿ ಊಟದಲ್ಲಿ ಸಿಕ್ಕ ಗೆಳತಿಯೊಬ್ಬಳು ಮಕ್ಕಳ ಸಂಬಳ ಲೆಕ್ಕಕ್ಕೇ ಬರುವುದಿಲ್ಲ, ಸುಮ್ಮನಿರು ಎಂದಳು. ಯಾರ ಮಾತು ನಂಬಲಿ? ಹುಡುಗ ಮೊದಲ ಸಲ ನೆಟ್ಟಗೆ ದುಡಿಯಲು ಹೊರಟಿದ್ದಾನೆ, ಅದಕ್ಕೆ ನಾವು ಹನ್ನೊಂದು ಸಾವಿರ ದಂಡ ಕಟ್ಟಬೇಕೇ?

---

ಬಯಲುಸೀಮೆ ಭೀಮಣ್ಣ, ಇಲಿನಾಯ್

ಮೇಡಂ, ನಿಮ್ಮ ಮಗ ತನ್ನ ತೆರಿಗೆ ರಿಟರ್ನನ್ನು ತಾನೇ ಬೇರೆ ಸಲ್ಲಿಸುತ್ತಾನಲ್ಲ? ಅವನ ತೆರಿಗೆ ಅವನದು, ನಿಮ್ಮದು ನಿಮ್ಮದು. ನನ್ನ ಮಗಳು ಅಂಗಡಿಯಲ್ಲಿ ಕೆಲಸ ಮಾಡಿ 6,000 ಡಾಲರ್ ಗಳಿಸಿದಾಗ ನಾವು ಸೇರಿಸಲಿಲ್ಲ, ತೆರಿಗೆ ಇಲಾಖೆಯ ಐಆರ್‌ಎಸ್‌ನವರು ಏನೂ ಕೇಳಲಿಲ್ಲ. ಯೋಚನೆ ಬಿಡಿ.

---

ಶಾನುಭೋಗರು, ನ್ಯೂಜೆರ್ಸಿ

ಭೀಮಣ್ಣನವರೇ, ನಿಮ್ಮ ಮಗಳ ಲೆಕ್ಕ ಸರಿಯಾಗಿಯೇ ಇದೆ, ಕಾರಣ ಮಾತ್ರ ಸರಿಯಿಲ್ಲ. ಅದೇ ಕಾರಣವನ್ನು ಹಿಡಿದು ಈ ತಾಯಿ ನಡೆದರೆ ಮುಂದಿನ ಏಪ್ರಿಲ್‌ನಲ್ಲಿ ಅಳಬೇಕಾಗುತ್ತದೆ. ತೆರಿಗೆ ತುಂಬಿಕೊಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಏಜೆಂಟರು ಹೇಳಿದ್ದೂ ತಪ್ಪು, ಗೆಳತಿ ಹೇಳಿದ್ದೂ ತಪ್ಪು. ಪ್ರೀಮಿಯಂ ಟ್ಯಾಕ್ಸ್ ಕ್ರೆಡಿಟ್‌ಗೆ ಕುಟುಂಬದ ಆದಾಯ ಎಂದರೆ ಗಂಡ ಹೆಂಡತಿಯ ಆದಾಯ, ಅದರ ಜೊತೆಗೆ ಅವಲಂಬಿತರಲ್ಲಿ ಯಾರ ಆದಾಯ ರಿಟರ್ನ್ ಸಲ್ಲಿಸಲೇಬೇಕಾದ ಮಟ್ಟ ಮುಟ್ಟಿದೆಯೋ ಅವರ ಆದಾಯ. ಸಲ್ಲಿಸಲೇಬೇಕಾದ ಎಂಬ ಮಾತನ್ನು ಎರಡು ಸಲ ಓದಿಕೊಳ್ಳಿ. ಸಂಬಳದಲ್ಲಿ ಮೊದಲೇ ಹಿಡಿದ ತೆರಿಗೆಯನ್ನು ವಾಪಸು ಪಡೆಯಲೆಂದಷ್ಟೇ ಹುಡುಗ ರಿಟರ್ನ್ ಹಾಕಿದರೆ ಅವನ ಆದಾಯ ಸೇರುವುದಿಲ್ಲ. ಭೀಮಣ್ಣನವರ ಮಗಳು ಪಾರಾದದ್ದು ಇದರಿಂದ. 6,000 ಡಾಲರ್ ಸಂಬಳಕ್ಕೆ ರಿಟರ್ನ್ ಕಡ್ಡಾಯವೇ ಅಲ್ಲ.

2026ಕ್ಕೆ ಮದುವೆಯಾಗದ ಅವಲಂಬಿತ ಮಕ್ಕಳಿಗೆ ದುಡಿಮೆಯ ಆದಾಯದ ಗೆರೆ 16,100 ಡಾಲರ್, ಅಂದರೆ ಸ್ಟ್ಯಾಂಡರ್ಡ್ ಡಿಡಕ್ಷನ್‌ನಷ್ಟು (ತೆರಿಗೆ ಬೀಳದ ಮೂಲ ಮೊತ್ತ). ಬಡ್ಡಿ, ಡಿವಿಡೆಂಡ್‌ನಂತಹ ಕೂತು ಬರುವ ಆದಾಯಕ್ಕೆ ಗೆರೆ 1,350 ಡಾಲರ್ ಮಾತ್ರ. ಎರಡೂ ಇದ್ದರೆ ಕೂಡಿಸಿ ನೋಡುವ ಇನ್ನೊಂದು ಸೂತ್ರವಿದೆ.

ಈಗ ನಿಮ್ಮ ಆಫರ್ ಪತ್ರಕ್ಕೆ ಬನ್ನಿ. ಬರೀ ಸಂಬಳವಾಗಿದ್ದರೆ 15,360. ಗೆರೆಯ ಕೆಳಗೆ. ಮಗ ಅಷ್ಟೂ ದುಡಿದರೂ ನಿಮ್ಮ ಕ್ರೆಡಿಟ್‌ಗೆ ಒಂದು ಪೈಸೆಯೂ ತಾಗುತ್ತಿರಲಿಲ್ಲ. ಕೊನೆಯ ಪುಟದ ಆ ವಸತಿ ಭತ್ಯೆಯಿದೆಯಲ್ಲ, ಅದೇ ತರಲೆ. ಅದೂ ಕಂಪನಿ ಕೊಡುವ ವರ್ಷದ ಸಂಬಳದ ಪತ್ರ ಡಬ್ಲ್ಯು-2ರ ಒಂದನೇ ಚೌಕಕ್ಕೇ ಸೇರುತ್ತದೆ. 18,860 ಆದಾಗ ಗೆರೆ ದಾಟಿತು. ದಾಟಿದ ಮೇಲೆ ಗೆರೆಯ ಮೇಲಿನ 2,760 ಮಾತ್ರ ಸೇರುತ್ತದೆ ಎಂದುಕೊಳ್ಳಬೇಡಿ, 18,860 ಪೂರ್ತಿಯಾಗಿ ಸೇರುತ್ತದೆ.

ಎರಡನೆಯ ಗೆರೆ ನಿಮ್ಮದು. 2026ರ ವಿಮೆಗೆ 2025ರ ಬಡತನ ರೇಖೆಯನ್ನು ಹಿಡಿಯುತ್ತಾರೆ. ಒಬ್ಬರಿಗೆ 15,650, ಆಮೇಲೆ ತಲೆಗೆ 5,500. ನಾಲ್ವರಿಗೆ 32,150, ಅದರ ನಾಲ್ಕು ಪಟ್ಟು ನೀವು ಹೇಳಿದ 1,28,600. 2021ರಿಂದ 2025ರವರೆಗೆ ಈ ಮಿತಿ ದಾಟಿದರೂ ಕ್ರೆಡಿಟ್ ಇಳಿಯುತ್ತಾ ಹೋಗುತ್ತಿತ್ತೇ ಹೊರತು ಒಮ್ಮೆಲೇ ಕಡಿದು ಹೋಗುತ್ತಿರಲಿಲ್ಲ. ಆ ಹೆಚ್ಚುವರಿ ನೆರವು 2025ರ ಕೊನೆಗೆ ಮುಗಿಯಿತು. ಈಗ ಮಿತಿಯ ಮೇಲೆ ಒಂದು ಡಾಲರ್ ಬಂದರೂ ಕ್ರೆಡಿಟ್ ಸೊನ್ನೆ. ಇನ್ನೊಂದು ಕೆಟ್ಟ ಸುದ್ದಿಯೂ ಇದೆ: ಮಿತಿಯೊಳಗೆ ಇದ್ದವರು ಹೆಚ್ಚಾಗಿ ಪಡೆದ ಮುಂಗಡವನ್ನು ಹಿಂತಿರುಗಿಸುವಾಗ ಮೊದಲು ಒಂದು ಗರಿಷ್ಠ ಮೊತ್ತ ಇತ್ತು, 2026ರಿಂದ ಅದೂ ಇಲ್ಲ. ಬಂದಷ್ಟೂ ವಾಪಸು.

ನಿಮ್ಮ ಅಂಕಿಗಳಲ್ಲೇ ನೋಡೋಣ. ಬಡತನ ರೇಖೆಯ ಮೂರರಿಂದ ನಾಲ್ಕು ಪಟ್ಟಿನ ನಡುವೆ ಇರುವವರು ಈ ವರ್ಷ ಆದಾಯದ ಶೇ. 9.96ರಷ್ಟನ್ನು ತಾವೇ ಭರಿಸಬೇಕು. 1,12,000ಕ್ಕೆ ಅದು 11,155. ವರ್ಷದ ಕಂತು 22,800. ವ್ಯತ್ಯಾಸ 11,645, ಇದೇ ನಿಮ್ಮ ಕ್ರೆಡಿಟ್. ಕುಟುಂಬದ ಆದಾಯ 1,30,860 ಎಂದಾದರೆ ಈ ಪೂರಾ ಮೊತ್ತ ಕ್ರೆಡಿಟ್ ಲೆಕ್ಕದ ಫಾರ್ಮ್ 8962ರ ಮೂಲಕ ತೆರಿಗೆಯಾಗಿ ವಾಪಸು ಕಟ್ಟಬೇಕು.

ಬಿಡಿಸಿಕೊಳ್ಳುವ ದಾರಿಗಳಿವೆ. ಕಂಪನಿ ಇಂಟರ್ನ್‌ಗಳಿಗೂ 401(ಕೆ) ನಿವೃತ್ತಿ ಖಾತೆ ಕೊಡುತ್ತದೆಯೇ ಎಂದು ಮಗ ಕೇಳಲಿ. ತೆರಿಗೆಗೆ ಮುಂಚಿನ ಖಾತೆಗೆ 3,000 ಡಾಲರ್ ಹಾಕಿದರೆ ಡಬ್ಲ್ಯು-2ರಲ್ಲಿ 15,860 ಬರುತ್ತದೆ. ಗೆರೆಯ ಕೆಳಗೆ ಇಳಿದ, ಸಂಬಳ ಪೂರ್ತಿ ಹೊರಗೆ ಉಳಿಯಿತು. ಬ್ಯಾಂಕಿನ ಬಡ್ಡಿ, ಕ್ಯಾಂಪಸ್‌ನ ಚಿಲ್ಲರೆ ಕೆಲಸ, ಊಟ ವಸತಿಗೆಂದು ಬಂದ ವಿದ್ಯಾರ್ಥಿವೇತನ ಇವೆಲ್ಲ ಇದ್ದರೆ ಸೇರಿಸಿ ನೋಡಿ, ಇನ್ನಷ್ಟು ಹಾಕಬೇಕಾದೀತು.

401(ಕೆ) ಇಲ್ಲವೆಂದರೆ ಸಾಂಪ್ರದಾಯಿಕ ಐಆರ್‌ಎ, ಅಂದರೆ ನಾವೇ ತೆರೆಯುವ ನಿವೃತ್ತಿ ಖಾತೆ. ಇಲ್ಲಿ ಬಹಳ ಜನ ಎಡವುತ್ತಾರೆ. ಐಆರ್‌ಎಗೆ ಹಾಕಿದ ಹಣ ಒಟ್ಟು ಆದಾಯವನ್ನು ಇಳಿಸುವುದಿಲ್ಲ, ಆದ್ದರಿಂದ ರಿಟರ್ನಿನ ಕಡ್ಡಾಯ ತಪ್ಪುವುದಿಲ್ಲ. ಆದರೆ ಸೇರಿಸಬೇಕಾದ ಅಂಕಿ ಹೊಂದಾಣಿಕೆಯಾದ ಆದಾಯ (ಐಆರ್‌ಎಯಂತಹ ಕಡಿತ ಕಳೆದದ್ದು), ಅದು ಇಳಿಯುತ್ತದೆ. ಮಗ 7,500 ಹಾಕಿದರೆ ಅವನದು 11,360 ಆಗುತ್ತದೆ. ಕುಟುಂಬದ್ದು 1,23,360. ಕ್ರೆಡಿಟ್ ಸುಮಾರು 10,513. ನೀವು ವಾಪಸು ಕೊಡಬೇಕಾದದ್ದು 1,130ರ ಆಸುಪಾಸು. ಹನ್ನೊಂದೂವರೆ ಸಾವಿರಕ್ಕೆ ಹೋಲಿಸಿದರೆ ಏನೇನೂ ಅಲ್ಲ. 401(ಕೆ)ಯನ್ನು ಸಂಬಳ ಬರುವಾಗಲೇ ಹಿಡಿಸಬೇಕು, ಐಆರ್‌ಎಗಾದರೆ 2027ರ ಏಪ್ರಿಲ್ 15ರವರೆಗೂ ಸಮಯವಿದೆ.

---

ತುಂಗೆಯ ದಂಡೆ, ಟೆಕ್ಸಾಸ್

ಶಾನುಭೋಗರೇ, ಏಜೆಂಟರ ಕಚೇರಿಯಲ್ಲಿ ಅರ್ಧ ದಿನ ಕೂತರೂ ಸಿಗದ ಉತ್ತರ ಇದು. ನಿಮ್ಮ ಪುಣ್ಯ.

ಎರಡು ಅನುಮಾನ ಉಳಿದಿವೆ. ಒಂದು, ಮಗನನ್ನು ಈ ವರ್ಷ ನಮ್ಮ ರಿಟರ್ನಿನಲ್ಲಿ ಅವಲಂಬಿತ ಎಂದು ತೋರಿಸದಿದ್ದರೆ ಹೇಗೆ? ಯಜಮಾನರ ಸಲಹೆ ಇದು. ಕಂಪ್ಯೂಟರ್ ಜನರಿಗೆ ಎಲ್ಲದಕ್ಕೂ ಒಂದು ಅಡ್ಡದಾರಿ ಹೊಳೆಯುತ್ತದೆ.

ಎರಡು, ಮಗಳ ವಿಷಯ. ಶಿವಮೊಗ್ಗದಲ್ಲಿ ನನ್ನ ಅತ್ತೆಯವರು ಮೊಮ್ಮಗಳ ಮದುವೆಗೆ ಎಂದು ಸಹಕಾರಿ ಬ್ಯಾಂಕಿನಲ್ಲಿ ಠೇವಣಿ ಇಟ್ಟಿದ್ದಾರೆ. (ಅವಳಿಗೆ ಮದುವೆಯ ಮಾತೆತ್ತಿದರೆ ಕೋಣೆಯ ಬಾಗಿಲು ಧಡಾರನೆ ಮುಚ್ಚುತ್ತದೆ, ಆ ಮಾತು ಇರಲಿ.) ಬಡ್ಡಿಗೆ 1,350 ಎಂದಿರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು.

---

ಶಾನುಭೋಗರು, ನ್ಯೂಜೆರ್ಸಿ

ಯಜಮಾನರ ಅಡ್ಡದಾರಿ ನೇರ ಹಳ್ಳಕ್ಕೆ ಹೋಗುತ್ತದೆ. ಮಗನನ್ನು ಬಿಟ್ಟರೆ ಅವನ ಸಂಬಳವೂ ಹೊರಗೆ ಹೋಗುತ್ತದೆ, ನಿಜ. ಆದರೆ ತೆರಿಗೆಯ ಕುಟುಂಬ ಮೂವರದ್ದಾಗುತ್ತದೆ. ಮೂವರಿಗೆ ಬಡತನ ರೇಖೆ 26,650, ನಾಲ್ಕು ಪಟ್ಟು 1,06,600. ನಿಮ್ಮಿಬ್ಬರ ಆದಾಯವೇ 1,12,000. ಮಗನ ಸಂಬಳವಿಲ್ಲದೆಯೇ ಮಿತಿ ದಾಟಿದಿರಿ! ಇಷ್ಟರ ಮೇಲೆ, ಇನ್ನೊಬ್ಬರು ಅವಲಂಬಿತ ಎಂದು ತೋರಿಸಲು ಅರ್ಹನಾಗಿರುವ ಹುಡುಗನಿಗೆ ಅವನ ಹೆಸರಿನಲ್ಲೂ ಕ್ರೆಡಿಟ್ ಸಿಗುವುದಿಲ್ಲ. ನೀವು ತೋರಿಸದೆ ಬಿಟ್ಟರೂ ಅಷ್ಟೇ. 24 ತುಂಬದ ಪೂರ್ಣಾವಧಿ ವಿದ್ಯಾರ್ಥಿ, ಅವನ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ಅವನೇ ಭರಿಸುತ್ತಿಲ್ಲ, ಹಾಸ್ಟೆಲಿನಲ್ಲಿದ್ದರೂ ಮನೆ ನಿಮ್ಮದೇ. ಅವನು ನಿಮ್ಮ ಅವಲಂಬಿತನೇ.

ಠೇವಣಿಯ ವಿಷಯದಲ್ಲಿ ಮೊದಲು ರಸೀದಿಯ ಮೇಲೆ ಯಾರ ಹೆಸರಿದೆ ಎಂದು ನೋಡಿಸಿ. ಊರಿನಲ್ಲಿ "ಮೊಮ್ಮಗಳ ಹೆಸರಿನಲ್ಲಿ ಇಟ್ಟಿದ್ದೇನೆ" ಎನ್ನುವವರು ಅನೇಕ ಸಲ ಅವಳನ್ನು ನಾಮಿನಿ ಮಾಡಿರುತ್ತಾರೆ, ಅಷ್ಟೇ. ಹಣ ಅತ್ತೆಯವರದು, ಬಡ್ಡಿ ಅತ್ತೆಯವರದು, ನಿಮ್ಮ ಲೆಕ್ಕಕ್ಕೆ ಸಂಬಂಧವಿಲ್ಲ. ಖಾತೆಯೇ ಮಗಳದ್ದಾಗಿದ್ದರೆ ಆ ಬಡ್ಡಿ ಅಮೆರಿಕದಲ್ಲೂ ಅವಳ ಆದಾಯ. ಅನಿವಾಸಿಗಳ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ ಎಂಬುದು ಇಲ್ಲಿ ನಡೆಯುವುದಿಲ್ಲ. 1,350 ಡಾಲರ್ ಎಂದರೆ ಈಗಿನ ದರದಲ್ಲಿ ಸುಮಾರು 1.2 ಲಕ್ಷ ರೂಪಾಯಿ. ವರ್ಷದ ಬಡ್ಡಿ ಅಷ್ಟನ್ನು ಮೀರಿದರೆ ಅವಳೂ ರಿಟರ್ನ್ ಸಲ್ಲಿಸಬೇಕು, ಬಡ್ಡಿ ನಿಮ್ಮ ಕುಟುಂಬದ ಆದಾಯಕ್ಕೆ ಸೇರುತ್ತದೆ. ಫಾರ್ಮ್ 8814 ಹಾಕಿ ಮಗುವಿನ ಬಡ್ಡಿಯನ್ನು ತಂದೆ ತಾಯಿಯ ರಿಟರ್ನಿಗೆ ತರಬಹುದು, ಮಗುವಿನ ರಿಟರ್ನ್ ತಪ್ಪುತ್ತದೆ. ಕ್ರೆಡಿಟ್ ಲೆಕ್ಕದಲ್ಲಿ ಮಾತ್ರ ಅದರಿಂದ ತಪ್ಪಿಸಿಕೊಳ್ಳಲಾಗದು.

---

ಒಂಟಿಕೊಪ್ಪಲು, ನಾರ್ತ್ ಕ್ಯಾರೊಲಿನಾ

ಇದೇ ಎಳೆಯಲ್ಲಿ ನಮ್ಮ ತಾಯಿಯ ಸಂಗತಿ ಹೇಳಬಹುದೇ? ಅವಲಂಬಿತರು ಎಂದರೆ ಮಕ್ಕಳೇ ಎಂದು ಎಲ್ಲರೂ ತಿಳಿದಂತಿದೆ.

ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದು ನಮ್ಮ ಜೊತೆಗೇ ಇದ್ದಾರೆ. ಅಪ್ಪ ಇಲ್ಲ. ಅಮ್ಮನಿಗೆ 70 ದಾಟಿದೆ, ಐದು ವರ್ಷ ಇಲ್ಲಿ ವಾಸವಾಗದೆ ಹಣ ಕಟ್ಟಿಯೂ ಹಿರಿಯರ ಸರ್ಕಾರಿ ವಿಮೆ ಮೆಡಿಕೇರ್ ಸಿಗದು. ಹಾಗಾಗಿ ಮಾರ್ಕೆಟ್‌ಪ್ಲೇಸ್ ವಿಮೆ. ಮೈಸೂರಿನ ಮನೆಯ ಮಹಡಿಯನ್ನು ತಿಂಗಳಿಗೆ 22,000 ರೂಪಾಯಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ನಮ್ಮ ಲೆಕ್ಕಿಗರು 2025ರ ರಿಟರ್ನಿನಲ್ಲಿ ಅವರನ್ನು ನನ್ನ ಅವಲಂಬಿತರೆಂದು ತೋರಿಸಿದರು. ತಂದೆ ತಾಯಿಗೆ ನಿಯಮ ಬೇರೆ. ಅವರ ಖರ್ಚಿನ ಅರ್ಧಕ್ಕಿಂತ ಹೆಚ್ಚು ನಾವು ಭರಿಸಬೇಕು, ಅವರ ಒಟ್ಟು ಆದಾಯ 2025ಕ್ಕೆ 5,200 ಡಾಲರ್‌ಗಿಂತ ಕಡಿಮೆ ಇರಬೇಕು. ಈ ಒಟ್ಟು ಆದಾಯಕ್ಕೆ ಬಾಡಿಗೆಯನ್ನು ಬಂದ ಹಾಗೆಯೇ ಹಿಡಿಯುತ್ತಾರೆ, ಸುಣ್ಣ ಬಣ್ಣ, ಕಂದಾಯ ಕಳೆಯುವಂತಿಲ್ಲ. 65 ದಾಟಿದ ಒಂಟಿ ಅವಲಂಬಿತರಿಗೆ ದುಡಿಮೆಯಲ್ಲದ ಆದಾಯದಲ್ಲಿ ರಿಟರ್ನಿನ ಗೆರೆ 2025ಕ್ಕೆ 3,350 ಡಾಲರ್. ಅಮ್ಮನ ಬಾಡಿಗೆ ಮೂರು ಸಾವಿರದ ಆಸುಪಾಸಿನಲ್ಲಿದೆ. ಅಂದರೆ ಅವರು ನಮ್ಮ ಕುಟುಂಬದ ತಲೆ ಲೆಕ್ಕಕ್ಕೆ ಬರುತ್ತಾರೆ, ಅವರ ಆದಾಯ ಬರುವುದಿಲ್ಲ.

ತಲೆ ಲೆಕ್ಕ ಸಣ್ಣದಲ್ಲ. ನಾವು ನಾಲ್ವರಾಗಿದ್ದವರು ಐವರಾದೆವು. ಈ ವರ್ಷದ ಮಿತಿ 1,28,600 ಇದ್ದದ್ದು ನಮಗೆ 1,50,600 ಆಗುತ್ತದೆ. ಅಮ್ಮನ ಮಂಡಿ ನೋವಿನ ಕಷಾಯಕ್ಕೆ ಎಷ್ಟು ಖರ್ಚಾದರೂ ನನಗೆ ಬೇಸರವಿಲ್ಲ.

---

ಶಾನುಭೋಗರು, ನ್ಯೂಜೆರ್ಸಿ

ಒಂಟಿಕೊಪ್ಪಲಿನವರ ಲೆಕ್ಕ ಸರಿಯಾಗಿದೆ. ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ತಾಯಿಯ ಆದಾಯ ಸ್ವಲ್ಪ ಏರಿ ಅವಲಂಬಿತರ ಪಟ್ಟಿಯಿಂದ ಹೊರಗೆ ಹೋದರೆ ಅವರು ತಮ್ಮದೇ ಒಂಟಿ ಕುಟುಂಬವಾಗುತ್ತಾರೆ. ಆಗ ಅವರ ಆದಾಯ ಬಡತನ ರೇಖೆಯ ಕೆಳಗೆ. ಗ್ರೀನ್ ಕಾರ್ಡ್ ಬಂದು ಐದು ವರ್ಷ ತುಂಬದೆ ಬಡವರ ಸರ್ಕಾರಿ ವಿಮೆ ಮೆಡಿಕೇಡ್ ಸಿಗದವರಿಗೆ ಬಡತನ ರೇಖೆಯ ಕೆಳಗಿದ್ದರೂ ಕ್ರೆಡಿಟ್ ಕೊಡುವ ವಿನಾಯಿತಿ ಮೊದಲು ಇತ್ತು. 2026ರಿಂದ ಅದನ್ನು ತೆಗೆದರು. ಹೀಗಾಗಿ ಮೈಸೂರಿನ ಬಾಡಿಗೆ ಏರಿಸುವ ಮುಂಚೆ ಒಮ್ಮೆ ಯೋಚಿಸಿ. ಬಾಡಿಗೆದಾರರು ನಿಮಗೆ ಕೈ ಮುಗಿದಾರು.

ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಇದನ್ನು ಓದುತ್ತಿದ್ದರೆ, 2027ರಿಂದ ನಿಮಗೆ ಈ ಕ್ರೆಡಿಟ್ಟೇ ಇಲ್ಲ. ಗ್ರೀನ್ ಕಾರ್ಡಿನವರಿಗೆ ಮುಂದುವರಿಯುತ್ತದೆ.

---

ತುಂಗೆಯ ದಂಡೆ, ಟೆಕ್ಸಾಸ್

ವಿಚಾರಿಸಿದ್ದರ ಫಲಿತಾಂಶ ಹೇಳುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾದೀತು.

ಅತ್ತೆಯವರು ರಸೀದಿಯ ಫೋಟೋ ಕಳಿಸಿದರು. ಖಾತೆ ಅವರದೇ, ಮಗಳು ನಾಮಿನಿ. ಆ ಭಾರ ಇಳಿಯಿತು.

ಮಗನ ಕಂಪನಿಯ ಎಚ್‌ಆರ್‌ನವರು 401(ಕೆ)ಗೆ 21 ತುಂಬಿರಬೇಕು ಎಂದು ಬರೆದಿದ್ದಾರೆ. ಅವನಿಗೆ 20. ಉಳಿದದ್ದು ಐಆರ್‌ಎ. ಇದನ್ನು ಮಗನಿಗೆ ಹೇಳಿದಾಗ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತೇ ಇಲ್ಲ. ಆ ಹಣದಲ್ಲಿ ಹಳೆಯ ಕೊರೊಲ್ಲಾ ಒಂದನ್ನು ಕೊಳ್ಳುವ ಆಸೆ ಅವನದು. "59 ವಯಸ್ಸಿಗೆ ಉಪಯೋಗಕ್ಕೆ ಬರುವ ಹಣಕ್ಕೆ ಈಗ ಬಿಸಿಲಿನಲ್ಲಿ ಬಸ್ಸು ಕಾಯಬೇಕೇ" ಎಂದ. ಅವನು ಹೇಳುವುದರಲ್ಲೂ ನ್ಯಾಯವಿದೆ. ದುಡಿಮೆ ಅವನದು, ಕ್ರೆಡಿಟ್ ನಮ್ಮದು.

ಒಂದು ಯೋಚನೆ ಬಂದಿದೆ. ಅವನ ಬದಲು ನಾನೇ ನನ್ನ ಹೆಸರಿನಲ್ಲಿ ಸಾಂಪ್ರದಾಯಿಕ ಐಆರ್‌ಎಗೆ 5,000 ಹಾಕಿದರೆ? ನಮ್ಮಿಬ್ಬರಿಗೂ ಕೆಲಸದ ಕಡೆಯ ನಿವೃತ್ತಿ ಯೋಜನೆ ಇಲ್ಲ. ನನ್ನ ಲೆಕ್ಕದಲ್ಲಿ ಕುಟುಂಬದ ಆದಾಯ 1,25,860ಕ್ಕೆ ಇಳಿಯುತ್ತದೆ, ಕ್ರೆಡಿಟ್ 10,264, ವಾಪಸು ಕೊಡಬೇಕಾದದ್ದು ಸುಮಾರು 1,380. ಸರಿಯೇ?

---

ಶಾನುಭೋಗರು, ನ್ಯೂಜೆರ್ಸಿ

ಸರಿ. ಕುಟುಂಬದ ಆದಾಯಕ್ಕೆ ಯಾರ ಐಆರ್‌ಎ ಆದರೂ ಒಂದೇ, ಕೂಡುವುದು ಕೊನೆಗೆ ಒಂದೇ ಕಡೆ. ನಿಮ್ಮ ಆದಾಯಕ್ಕೆ ಬೀಳುವ ತೆರಿಗೆ ಮಗನದಕ್ಕಿಂತ ಹೆಚ್ಚಿನ ದರದ್ದು, ಆದ್ದರಿಂದ ಉಳಿತಾಯವೂ ನಿಮ್ಮ ಕಡೆಯೇ ಹೆಚ್ಚು. ಸ್ವಂತ ವ್ಯವಹಾರದ ಆದಾಯ ಡಿಸೆಂಬರಿನವರೆಗೂ ಹೊಯ್ದಾಡುವುದರಿಂದ 5,000 ಎಂದು ಈಗಲೇ ನಿಗದಿ ಮಾಡಬೇಡಿ. ಜನವರಿಯಲ್ಲಿ ಲೆಕ್ಕ ಮುಗಿಸಿ, 1,28,600ಕ್ಕೂ ನಿಮಗೂ ನಡುವೆ ಎರಡು ಮೂರು ಸಾವಿರದ ಜಾಗ ಉಳಿಯುವಷ್ಟು ಹಾಕಿ.

ಎರಡು ಕೆಲಸ ಮರೆಯಬೇಡಿ. ಮಗ ಕೆಲಸಕ್ಕೆ ಸೇರಿದ 30 ದಿನದೊಳಗೆ ಹೆಲ್ತ್‌ಕೇರ್ ಡಾಟ್ ಗೌ ಅರ್ಜಿಯಲ್ಲಿ ಅವನ ಆದಾಯವನ್ನೂ ನೀವು ಹಾಕಲಿರುವ ಐಆರ್‌ಎಯನ್ನೂ ತಿಳಿಸಿ. ತಿಂಗಳ ಮುಂಗಡ ಸ್ವಲ್ಪ ಇಳಿಯುತ್ತದೆ, ಏಪ್ರಿಲ್‌ನಲ್ಲಿ ಒಟ್ಟಿಗೆ ಕಟ್ಟುವುದು ಕಡಿಮೆಯಾಗುತ್ತದೆ. ಇನ್ನು ಮುಂದಿನ ಫೆಬ್ರುವರಿಯಲ್ಲಿ ಮಗ ಹಾಸ್ಟೆಲಿನಲ್ಲಿ ಕೂತು ಉಚಿತ ಸಾಫ್ಟ್‌ವೇರಿನಲ್ಲಿ ತಾನೇ ರಿಟರ್ನ್ ತುಂಬುತ್ತಾನೆ. ಇನ್ನೊಬ್ಬರು ತನ್ನನ್ನು ಅವಲಂಬಿತನೆಂದು ತೋರಿಸಬಹುದು ಎಂಬ ಚೌಕಕ್ಕೆ ಗುರುತು ಹಾಕಿದ್ದಾನೆಯೇ ಎಂದು ನೀವೇ ಕಣ್ಣಾರೆ ನೋಡಿ. ಅದನ್ನು ಬಿಟ್ಟು ಅವನು ಮೊದಲು ಕಳಿಸಿಬಿಟ್ಟರೆ ನಿಮ್ಮ ಇ-ಫೈಲ್ (ಆನ್‌ಲೈನ್ ರಿಟರ್ನ್) ವಾಪಸು ಬರಬಹುದು. ಆಗ ಅವನ ರಿಟರ್ನ್ ತಿದ್ದಿ ಕಳಿಸುವ ಕೆಲಸ ನನ್ನಂಥವರ ಮೇಜಿಗೆ ಬರುತ್ತದೆ, ನಾನು ಅದಕ್ಕೆ ಶುಲ್ಕ ತೆಗೆದುಕೊಳ್ಳುತ್ತೇನೆ.